ಗೂಡ್ಸ್ ರೈಲಿಗೆ ಪ್ಯಾಸೆಂಜರ್ ಎಂಜಿನ್ ಕೈಗಡ ಕೊಡ್ತಾರಾ?

ಬೌಂಡ್‌ಬ್ರೂಕ್_ಹಳಿ

ಎಲ್ಲರಿಗೂ ನಮಸ್ಕಾರ. ಅಪ್ಪ ಮೂರು ತಿಂಗಳಿಗೆ ಅಂತ ನ್ಯೂಜೆರ್ಸಿಗೆ ಬಂದಿದ್ದಾರೆ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಗೂಡ್ಸ್ ಗಾರ್ಡ್ ಆಗಿದ್ದವರು. ಕಳೆದ ಶನಿವಾರ ಬ್ರಿಡ್ಜ್‌ವಾಟರ್ ದೇವಸ್ಥಾನದಿಂದ ವಾಪಸ್ ಬರುವಾಗ ಬೌಂಡ್ ಬ್ರೂಕ್ ಸ್ಟೇಷನ್ ಹತ್ತಿರ ಕಾರು ನಿಲ್ಲಿಸು ಅಂದರು. ಪ್ರಸಾದದ ಪುಳಿಯೋಗರೆ ಕೈಯಲ್ಲಿ ಹಿಡಿದುಕೊಂಡೇ ಒಂದೂವರೆ ಗಂಟೆ ನಿಂತರು.

ಮೊದಲು ಬಂದದ್ದು ಉದ್ದದ ಕಂಟೇನರ್ ಗಾಡಿ. ಮುಂದೆ ನಾರ್ಫೋಕ್ ಸದರ್ನ್ ಅನ್ನೋ ಗೂಡ್ಸ್ ಕಂಪನಿಯ ಕಪ್ಪು ಎಂಜಿನ್. ಅದರ ಹಿಂದೆ ಯೂನಿಯನ್ ಪೆಸಿಫಿಕ್ ಅನ್ನೋ ಇನ್ನೊಂದು ಕಂಪನಿಯ ಹಳದಿ ಎಂಜಿನ್. ಯೂನಿಯನ್ ಪೆಸಿಫಿಕ್ ಹಳಿ ಇರೋದು ಚಿಕಾಗೊದಿಂದ ಪಶ್ಚಿಮಕ್ಕೆ ಅಂತ ನಾನು ಹೇಳಿದ ಕೂಡಲೇ ಅಪ್ಪ ಕೇಳಿದರು: "ಹಂಗಾರ ಇದು ಯಾರ ಮನಿ ಎತ್ತು? ಇಲ್ಲಿಗ್ಯಾಕ ಬಂತು?"

ಆಮೇಲೆ ಪಕ್ಕದ ಹಳಿಯಲ್ಲಿ ರಾಜ್ಯ ಸರ್ಕಾರದ ನ್ಯೂಜೆರ್ಸಿ ಟ್ರಾನ್ಸಿಟ್‌ನ ಡೀಸೆಲ್ ಪ್ಯಾಸೆಂಜರ್ ಬಂತು. ಜನ ಕಡಿಮೆ ಇದ್ದರು. ಅದಕ್ಕೆ ಅಪ್ಪನ ಎರಡನೇ ಪ್ರಶ್ನೆ. ಸೋಮವಾರದಿಂದ ಶುಕ್ರವಾರದವರೆಗೆ ಆಫೀಸಿಗೆ ಹೋಗೋರನ್ನ ಹೊರುವ ಎಂಜಿನ್‌ಗಳು ಶನಿವಾರ, ಭಾನುವಾರ ಸುಮ್ನೆ ನಿಂತಿರುತ್ತವಲ್ಲ, ಅವನ್ನ ಗೂಡ್ಸ್ ಕಂಪನಿಗಳು ಎರವಲು ತಗೊಳಲ್ವಾ?

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿ. ಅಪ್ಪನಿಗೆ ಓದಿ ಹೇಳ್ತೇನೆ.

ಎಚ್‌ಪಿ_ಗಂಟೆ_ಲೆಕ್ಕ

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಇಲ್ಲಿ ಒಂದು ರೈಲು ಕಂಪನಿಗೆ ಎಂಜಿನ್ ಲೆಕ್ಕದ ಸಾಫ್ಟ್‌ವೇರ್ ಬರೆಯೋ ಕೆಲಸದಲ್ಲಿದ್ದೇನೆ. ಹಳದಿ ಎಂಜಿನ್ ಯಾಕೆ ಬಂತು ಅನ್ನೋದಕ್ಕೆ ನಾನೇ ಉತ್ತರ ಕೊಡ್ತೇನೆ.

ನಮ್ಮೂರ ಕಡೆ ಮುಯ್ಯಾಳು ಅಂತ ಇದೆಯಲ್ಲ, ಅದೇ ಇದು. ಇವತ್ತು ನಿಮ್ಮ ಗದ್ದೆಗೆ ನಾನು ಬರ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬನ್ನಿ. ದುಡ್ಡಿನ ಮಾತಿಲ್ಲ. ಇಲ್ಲಿ ಪಶ್ಚಿಮದಿಂದ ಬಂದ ಗಾಡಿ ಚಿಕಾಗೊದಲ್ಲಿ ಪೂರ್ವದ ಕಂಪನಿಯ ಕೈಗೆ ಹೋಗುತ್ತದೆ. ಅಲ್ಲಿ ಎಂಜಿನ್ ಕಳಚಿ ಬೇರೆ ಹಾಕುತ್ತಾ ಕೂತರೆ ಗಂಟೆಗಟ್ಟಲೆ ಹಾಳು. ಅದಕ್ಕೆ ಎಂಜಿನ್ ಸಮೇತ ಗಾಡಿ ಮುಂದೆ ಹೋಗುತ್ತದೆ. ಸಾಲ ಬರೆದುಕೊಳ್ಳೋದು ಅಶ್ವಶಕ್ತಿ ಗಂಟೆಯಲ್ಲಿ. 4,400 ಎಚ್.ಪಿ. ಎಂಜಿನ್ ಒಂದು ಪೂರ್ತಿ ದಿನ ಪರರ ಹಳಿಯಲ್ಲಿದ್ದರೆ 4,400 ಇಂಟು 24, ಅಂದರೆ 1,05,600 ಎಚ್.ಪಿ. ಗಂಟೆ ಸಾಲ. ಅದನ್ನು ತೀರಿಸೋದು ದುಡ್ಡಿನಿಂದ ಅಲ್ಲ, ತಮ್ಮ ಎಂಜಿನ್ ಅಷ್ಟೇ ಹೊತ್ತು ಆ ಕಡೆ ಓಡಿಸಿ. ಹಾಗಾಗಿ ನಾರ್ಫೋಕ್ ಸದರ್ನ್‌ನ ಕಪ್ಪು ಎಂಜಿನ್ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಕಂಡರೂ ಆಶ್ಚರ್ಯ ಬೇಡ. ಅದು ಮುಯ್ಯಿ ತೀರಿಸಲು ಹೋಗಿದೆ.

ಇದು ಸಾಧ್ಯವಾಗಿರೋದು ಒಂದು ಸಣ್ಣ ವಸ್ತುವಿನಿಂದ. ಎರಡು ಎಂಜಿನ್ ನಡುವೆ ತೋಳು ದಪ್ಪದ ಒಂದು ಕೇಬಲ್ ಹಾಕುತ್ತಾರೆ. ಅದರ ತಲೆಯಲ್ಲಿ 27 ಪಿನ್. ಯಾವ ಕಂಪನಿ ಕಟ್ಟಿದ ಎಂಜಿನ್ ಆದರೂ ಆ 27 ಪಿನ್‌ಗಳ ಅರ್ಥ ಒಂದೇ. ಮುಂದಿನ ಎಂಜಿನ್‌ನಲ್ಲಿ ಡ್ರೈವರ್ 5ನೇ ನಾಚ್‌ಗೆ, ಅಂದರೆ ಶಕ್ತಿಯ 5ನೇ ಮೆಟ್ಟಿಲಿಗೆ, ಹಿಡಿ ಎಳೆದರೆ ಹಿಂದಿನದೂ 5ನೇ ನಾಚ್‌ಗೆ ಹೋಗುತ್ತದೆ. ಕಪ್ಪಾದರೂ ಅಷ್ಟೇ, ಹಳದಿಯಾದರೂ ಅಷ್ಟೇ.

ಪ್ಯಾಸೆಂಜರ್ ಎಂಜಿನ್ ಎರವಲು ವಿಷಯ ಬೇರೆಯವರು ಹೇಳಲಿ. ಅದು ನನ್ನ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ.

ಹೊಬೊಕನ್_ಹಳೇಕಾಲ

ನಿಮ್ಮ ಅಪ್ಪ ಕೇಳಿದ್ದು ನಿಮ್ಮ ನ್ಯೂಜೆರ್ಸಿಯಲ್ಲೇ ನಡೆದಿದೆ ಸರ್! ನನಗೆ ಬಹಳ ಇಷ್ಟವಾದ ವಿಷಯ ಇದು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

1970ರ ಹೊತ್ತಿಗೆ, ನ್ಯೂಯಾರ್ಕ್‌ನಿಂದ ನದಿಯಾಚೆ ಇರುವ ಹೊಬೊಕನ್‌ನಿಂದ ಹೊರಡುವ ಲೋಕಲ್ ಗಾಡಿಗಳನ್ನು ಓಡಿಸುತ್ತಿದ್ದದ್ದು ಈರಿ ಲ್ಯಾಕವಾನಾ ಕಂಪನಿ. ಖಾಸಗಿ ಕಂಪನಿ. ಗೂಡ್ಸ್ ಅವರ ಹೊಟ್ಟೆಪಾಡು, ಲೋಕಲ್ ಗಾಡಿ ಅವರಿಗೆ ಬರೀ ನಷ್ಟ. ಕೋಚ್‌ಗಳೆಲ್ಲ ಓಬಿರಾಯನ ಕಾಲದವು. ಕೊನೆಗೆ ನ್ಯೂಜೆರ್ಸಿ ರಾಜ್ಯವೇ ದುಡ್ಡು ಹಾಕಿ ಹೊಸ ಕೋಚ್, ಹೊಸ ಎಂಜಿನ್ ಕೊಡಿಸಿತು. ಜನರಲ್ ಎಲೆಕ್ಟ್ರಿಕ್ ಕಟ್ಟಿದ ಯು34ಸಿಎಚ್, ಒಟ್ಟು 32 ಎಂಜಿನ್. 1970ರಿಂದ 1973ರ ನಡುವೆ ಬಂದವು. ಎಂಜಿನ್ ರಾಜ್ಯದ್ದು, ಓಡಿಸೋದು ಕಂಪನಿ.

ಇದರಲ್ಲಿ ಒಂದು ವಿಶೇಷ ಇತ್ತು. ಇವು ಮೂಲತಃ ಆರು ಆಕ್ಸಲ್‌ನ ಗೂಡ್ಸ್ ಎಂಜಿನ್ ಮಾದರಿಯೇ. ಕೋಚ್‌ಗಳ ದೀಪ, ಹೀಟರ್, ಎ.ಸಿ.ಗೆ ಕರೆಂಟ್ ಕೊಡುವ ವ್ಯವಸ್ಥೆ ಸೇರಿಸಿದ್ದರು, ಅಷ್ಟೇ. ಆ ಕರೆಂಟ್‌ಗೆ ಹೋದ ಮೇಲೆ ಎಳೆಯಲು ಉಳಿಯುವುದು ಸುಮಾರು 3,400 ಎಚ್.ಪಿ. ಹೆಸರಿನಲ್ಲಿರುವ 34 ಅದೇ.

ಈಗ ಆ ಕಾಲದ ಒಂದು ವಾರ ಕಣ್ಣ ಮುಂದೆ ತಂದುಕೊಳ್ಳಿ. ಶುಕ್ರವಾರ ಸಂಜೆ ನ್ಯೂಯಾರ್ಕ್‌ನಲ್ಲಿ ಆಫೀಸು ಮುಗಿಸಿದ ಜನ ನದಿ ಕೆಳಗಿನ ರೈಲಿನಲ್ಲಿ ಹೊಬೊಕನ್‌ಗೆ ಬಂದು ಲೋಕಲ್ ಹತ್ತಿ ಸಫರ್ನ್ ಕಡೆಗೆ ಹೋಗ್ತಾರೆ. ಕೊನೆಯ ಗಾಡಿ ಮುಗಿದ ಮೇಲೆ ಅಷ್ಟೂ ಎಂಜಿನ್‌ಗೆ ಎರಡು ದಿನ ಕೆಲಸ ಕಡಿಮೆ. ಪಕ್ಕದ ಯಾರ್ಡ್‌ನಲ್ಲಿ ಗೂಡ್ಸ್ ಗಾಡಿ ಎಂಜಿನ್ ಇಲ್ಲದೆ ನಿಂತಿದೆ. ಈರಿ ಲ್ಯಾಕವಾನಾದವರು ಅದೇ ಯು34ಸಿಎಚ್‌ಗಳನ್ನು ಶನಿವಾರ, ಭಾನುವಾರ ಗೂಡ್ಸ್‌ಗೆ ಹಚ್ಚುತ್ತಿದ್ದರು. ಶರತ್ತು ಒಂದೇ. ಸೋಮವಾರ ಬೆಳಿಗ್ಗೆ ಪ್ಲಾಟ್‌ಫಾರಂನಲ್ಲಿ ಜನ ನಿಲ್ಲುವ ಮೊದಲು ಎಂಜಿನ್ ವಾಪಸ್ ಬಂದಿರಬೇಕು.

ಹಾಗಾಗಿ ದೂರ ಕಳಿಸುವ ಹಾಗಿಲ್ಲ. ಭಾನುವಾರ ರಾತ್ರಿಯೊಳಗೆ ಹಿಂತಿರುಗುವಷ್ಟೇ ದೂರ. ಇದನ್ನು ಕೂರಿಸಿ ಲೆಕ್ಕ ಹಾಕುವ ಪವರ್ ಕಂಟ್ರೋಲರ್‌ನ ಕೆಲಸ ಯೋಚನೆ ಮಾಡಿ. ಒಂದು ಹಿಮದ ಬಿರುಗಾಳಿ ಬಂದರೆ ಸೋಮವಾರ ಸಾವಿರಾರು ಜನ ನಿಂತಲ್ಲೇ ನಿಲ್ಲಬೇಕು.

1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತ ಹಲವೆಡೆ ಹಳಿ ಕೊಚ್ಚಿಕೊಂಡು ಹೋಗಿ ಕಂಪನಿ ದಿವಾಳಿ ಎದ್ದಿತು. 1976ರ ಏಪ್ರಿಲ್ 1ಕ್ಕೆ ಸರ್ಕಾರವೇ ಕಟ್ಟಿದ ಕಾನ್‌ರೇಲ್ ಕಂಪನಿಯ ಕೈಗೆ ಹೋಯಿತು. 1983ರ ಜನವರಿ 1ರಿಂದ ಲೋಕಲ್ ಗಾಡಿ ನ್ಯೂಜೆರ್ಸಿ ಟ್ರಾನ್ಸಿಟ್‌ನದ್ದೇ. ಆಮೇಲೆ ಗೂಡ್ಸ್‌ನವರ ಮನೆ ಬೇರೆ, ಪ್ಯಾಸೆಂಜರ್‌ನವರ ಮನೆ ಬೇರೆ. ಮನೆ ಭಾಗ ಆದ ಮೇಲೆ ಎತ್ತು ಕೇಳೋದೂ ಕಷ್ಟ ಅಲ್ವಾ?

ಟೊರಾಂಟೊ_ಗೋ

ಕೆನಡಾದಲ್ಲೂ ಇದೇ ಕಥೆ. ಟೊರಾಂಟೊ ಸುತ್ತ ಲೋಕಲ್ ಗಾಡಿ ಓಡಿಸುವ ನಮ್ಮ ಗೋ ಟ್ರಾನ್ಸಿಟ್ ಶುರುವಾಗಿದ್ದು 1967ರ ಮೇ ತಿಂಗಳಲ್ಲಿ. 1970ರ ದಶಕದಲ್ಲಿ ಅವರು ಜಿಪಿ40-2 ಎಂಜಿನ್ ತಂದಾಗ ಒಂದು ಜಾಣತನ ಮಾಡಿದರು. ಕೋಚ್‌ಗೆ ಕರೆಂಟ್ ಕೊಡುವ ಜನರೇಟರನ್ನು ಎಂಜಿನ್ ಒಳಗೆ ಇಡಲೇ ಇಲ್ಲ. ಹಳೆಯ ಎಫ್ ಮಾದರಿ ಎಂಜಿನ್‌ಗಳ ಹೊಟ್ಟೆ ಖಾಲಿ ಮಾಡಿ, ಅದರಲ್ಲಿ ಜನರೇಟರ್ ಕೂರಿಸಿ ಗಾಡಿಯ ಇನ್ನೊಂದು ತುದಿಗೆ ಹಾಕಿದರು. ಎಳೆಯುವವನು ಒಬ್ಬ, ದೀಪ ಹಚ್ಚುವವನು ಇನ್ನೊಬ್ಬ.

ಇದರಿಂದ ಏನಾಯ್ತು ಅಂದರೆ ಆ ಜಿಪಿ40-2 ಅಪ್ಪಟ ಗೂಡ್ಸ್ ಎಂಜಿನ್ ಆಗಿಯೇ ಉಳಿಯಿತು. ವಾರಾಂತ್ಯದಲ್ಲಿ ಗೂಡ್ಸ್ ಕಂಪನಿಗಳು ಬಾಡಿಗೆಗೆ ತಗೊಂಡು ಹೋಗುತ್ತಿದ್ದರು. ಹಸಿರು ಬಿಳಿ ಬಣ್ಣದ ಲೋಕಲ್ ಎಂಜಿನ್ ಗೂಡ್ಸ್ ವ್ಯಾಗನ್‌ಗಳನ್ನು ಎಳೀತಿರೋ ಹಳೆಯ ಫೋಟೋಗಳು ಇಲ್ಲಿನ ರೈಲು ಪ್ರಿಯರ ಹತ್ತಿರ ಇವೆ. ಕೊನೆಗೆ ಅವನ್ನು ಕೊಂಡುಕೊಂಡದ್ದೂ ಗೂಡ್ಸ್ ಕಂಪನಿಯೇ. ಕೆನಡಿಯನ್ ನ್ಯಾಷನಲ್‌ಗೆ ಮಾರಿದರು.

ಹುಬ್ಬಳ್ಳಿ_ಶೆಡ್

ಬೌಂಡ್ ಬ್ರೂಕ್ ಅವರೇ, ನಿಮ್ಮ ತಂದೆಯವರು ಹುಬ್ಬಳ್ಳಿಯವರು ಅಂದಮೇಲೆ ನಾನು ಬರೆಯದೆ ಇರಲು ಆಗಲ್ಲ. ನಾನು ಡೀಸೆಲ್ ಶೆಡ್‌ನಲ್ಲಿ ಎಲೆಕ್ಟ್ರಿಕಲ್ ಸೆಕ್ಷನ್‌ನಲ್ಲಿದ್ದೆ. ಈಗ ನಿವೃತ್ತ.

ಮೇಲೆ ಎಲ್ಲರೂ "ಗೂಡ್ಸ್ ಎಂಜಿನ್ ಮಾದರಿಯೇ ಆಗಿದ್ದರಿಂದ ಆಯ್ತು" ಅಂತ ಬರೆದಿದ್ದಾರೆ. ಇಡೀ ವಿಷಯದ ಗಂಟು ಅದೇ. ಎಲ್ಲ ಪ್ಯಾಸೆಂಜರ್ ಎಂಜಿನ್‌ಗಳನ್ನೂ ಗೂಡ್ಸ್‌ಗೆ ಕಟ್ಟಲು ಬರುವುದಿಲ್ಲ. ಕಾರಣ ಗೇರಿನ ಹಲ್ಲಿನ ಲೆಕ್ಕ.

ನಮ್ಮಲ್ಲಿನ ಉದಾಹರಣೆ ಕೊಡ್ತೇನೆ, ಎಲ್ಲರೂ ನೋಡಿರೋದು. ಡಬ್ಲ್ಯುಎಜಿ-9 ಗೂಡ್ಸ್‌ಗೆ, ಡಬ್ಲ್ಯುಎಪಿ-7 ಪ್ಯಾಸೆಂಜರ್‌ಗೆ. ಎರಡೂ ಹೆಚ್ಚುಕಡಿಮೆ ಅಣ್ಣ ತಮ್ಮ. ಅದೇ ಚೌಕಟ್ಟು, ಅದೇ ಮೋಟಾರು. ದೊಡ್ಡ ವ್ಯತ್ಯಾಸ ಗೇರಿನಲ್ಲಿ. ಗೂಡ್ಸ್‌ದರಲ್ಲಿ 77ಕ್ಕೆ 15 ಹಲ್ಲು, ಪ್ಯಾಸೆಂಜರ್‌ದರಲ್ಲಿ 72ಕ್ಕೆ 20. ಇಷ್ಟಕ್ಕೇ ಒಂದರ ವೇಗದ ಮಿತಿ 100 ಕಿ.ಮೀ., ಇನ್ನೊಂದರದ್ದು 140. ಆದರೆ ನಿಂತಲ್ಲಿಂದ ಎಳೆಯುವ ಬಲ ನೋಡಿ. ಮೊದಲನೆಯದು ಸುಮಾರು 458 ಕಿಲೋನ್ಯೂಟನ್, ಎರಡನೆಯದು 323. ಒಂದು ನೊಗಕ್ಕೆ ಕಟ್ಟುವ ಎತ್ತು, ಇನ್ನೊಂದು ಓಟದ ಎತ್ತು.

ಅಮೆರಿಕದಲ್ಲೂ ಇದೇ. ಅಲ್ಲಿನ ಲೋಕಲ್ ಗಾಡಿಗಳಲ್ಲಿ ಬಹಳ ವರ್ಷ ಓಡಿದ ಎಫ್40ಪಿಎಚ್‌ನ ಗೇರು 57ಕ್ಕೆ 20. ಗಂಟೆಗೆ 165 ಕಿ.ಮೀ.ವರೆಗೆ ಹೋಗುತ್ತದೆ. ಗೂಡ್ಸ್ ಎಂಜಿನ್‌ನ ಸಾಮಾನ್ಯ ಗೇರು 62ಕ್ಕೆ 15. ಈಗ ಎಫ್40ಪಿಎಚ್‌ನ್ನು ಕಲ್ಲಿದ್ದಲು ಗಾಡಿಗೆ ಕಟ್ಟಿ ಏರಿನಲ್ಲಿ ಬಿಡಿ. ವೇಗ 15ಕ್ಕೋ 20ಕ್ಕೋ ಇಳಿಯುತ್ತದೆ. ಮೋಟಾರು ನಿಧಾನ ತಿರುಗಿದಷ್ಟೂ ಕರೆಂಟು ಜಾಸ್ತಿ ಎಳೆಯುತ್ತದೆ. ಕ್ಯಾಬ್‌ನಲ್ಲಿ ಅಮೀಟರ್ ಮುಳ್ಳು ಕೆಂಪು ಪಟ್ಟಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಆ ಪಟ್ಟಿಯಲ್ಲಿ ಇಷ್ಟೇ ನಿಮಿಷ ಇರಬಹುದು ಅಂತ ಮಿತಿ ಇರುತ್ತದೆ. ಮೀರಿದರೆ ಮೋಟಾರಿನೊಳಗೆ ತಿರುಗುವ ಆರ್ಮೇಚರ್‌ಗೆ ಸುತ್ತಿದ ತಂತಿಯ ಇನ್ಸುಲೇಷನ್ ಬೇಯುತ್ತದೆ. ಶೆಡ್‌ಗೆ ಬಂದು ಮೋಟಾರಿನ ಮುಚ್ಚಳ ತೆಗೆದ ಕೂಡಲೇ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ವಾಸನೆ ನಾನು ಇವತ್ತಿಗೂ ಮರೆತಿಲ್ಲ.

ಗೂಡ್ಸ್ ಎಂಜಿನ್ ಪ್ಯಾಸೆಂಜರ್‌ಗೆ ಕಟ್ಟಿದರೆ ಈ ಕಾಟ ಇಲ್ಲ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟಿಯಲ್ಲಿ 37ಕ್ಕೆ 1 ಇಳಿಜಾರು. ಅಲ್ಲಿ ನಮ್ಮ ಡಬ್ಲ್ಯುಡಿಜಿ-4 ಗೂಡ್ಸ್ ಎಂಜಿನ್ ಪ್ಯಾಸೆಂಜರ್ ಗಾಡಿಗಳನ್ನೂ ಹೊತ್ತಿದೆ, ಹಿಂದಿನಿಂದ ಬ್ಯಾಂಕರ್ ಆಗಿಯೂ ನೂಕಿದೆ. ನಿಮ್ಮ ತಂದೆಯವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಬೌಂಡ್‌ಬ್ರೂಕ್_ಹಳಿ

ಶೆಡ್ ಸರ್, ನಿಮ್ಮ ಬರಹ ಓದಿದಾಗ ಅಪ್ಪ ಎರಡು ಸಲ ಓದಿಸಿದರು. "ಕುಳೆಂ ಘಾಟ್‌ನ್ಯಾಗ ಬ್ರೇಕ್ ವ್ಯಾನಿನ್ಯಾಗ ಕುಂತು ಎಷ್ಟು ರಾತ್ರಿ ಕಳದೀನಿ" ಅಂದು ಸುಮ್ಮನಾದರು.

ತೆರಿಗೆದಾರ_ಎಡಿಸನ್

ಒಂದು ವಿಷಯ ನನಗೆ ಸರಿ ಕಾಣುತ್ತಿಲ್ಲ. 32 ಎಂಜಿನ್ ರಾಜ್ಯದ ದುಡ್ಡಲ್ಲಿ ಬಂದವು ಅಂದಿರಿ. ಅಂದರೆ ಜನರ ದುಡ್ಡು. ಅದನ್ನು ಖಾಸಗಿ ಕಂಪನಿ ವಾರಾಂತ್ಯದಲ್ಲಿ ತನ್ನ ಸಾಮಾನು ಸಾಗಿಸಲು ಬಳಸಿ ಲಾಭ ಮಾಡಿಕೊಂಡರೆ ಹೇಗೆ? ಸವೆಯೋದು ಜನರ ಎಂಜಿನ್. ಸೋಮವಾರ ಎಂಜಿನ್ ಕೆಟ್ಟು ಗಾಡಿ ರದ್ದಾದರೆ ಸಂಬಳ ಕಟ್ ಆಗೋದು ಜನರದ್ದು. ನಾನೂ ದಿನಾ ರೈಲಲ್ಲಿ ಹೋಗೋನು. ಒಂದು ವರ್ಷ ಚಳಿಗಾಲದಲ್ಲಿ ಎಂಜಿನ್ ಇಲ್ಲ ಅಂತ ವಾರದಲ್ಲಿ ಮೂರು ದಿನ ನನ್ನ ಗಾಡಿ ರದ್ದಾಯ್ತು. ಮೈನಸ್ ಚಳಿಯಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಎರವಲಿನ ಕಥೆ ಚಂದ ಅನ್ನಿಸಲ್ಲ.

ಹೊಬೊಕನ್_ಹಳೇಕಾಲ

ಎಡಿಸನ್ ಅವರೇ, ನಿಮ್ಮ ಮಾತು ನ್ಯಾಯವಾಗಿದೆ. ನಾನು ಆ ಕಾಲದ ವ್ಯವಸ್ಥೆಯನ್ನು ಪ್ರೀತಿಯಿಂದ ನೋಡ್ತೇನೆ, ಆದರೆ ನೀವು ಹೇಳಿದ ಅಪಾಯ ಅದರಲ್ಲಿ ಇದ್ದೇ ಇತ್ತು.

ಆದರೂ ಒಂದು ಮಾತು. ಆವಾಗ ಲೋಕಲ್ ಗಾಡಿ ಓಡಿಸುತ್ತಿದ್ದದ್ದೂ ಅದೇ ಕಂಪನಿ. ಗೂಡ್ಸ್ ನಿಂತರೆ ಕಂಪನಿ ಮುಳುಗುತ್ತದೆ. ಕಂಪನಿ ಮುಳುಗಿದರೆ ಸೋಮವಾರದ ಗಾಡಿ ಓಡಿಸೋರು ಯಾರು? ಎರಡೂ ಒಂದೇ ಬಾವಿಯ ನೀರು. ಈಗ ಹಾಗಿಲ್ಲ. ಈಗ ಯಾರಾದರೂ ಜನರ ಎಂಜಿನ್ ಗೂಡ್ಸ್‌ಗೆ ಕೊಡೋದಾದರೆ ಬಾಡಿಗೆ ಎಷ್ಟು, ಕೆಟ್ಟರೆ ಯಾರು ಹೊಣೆ, ಯಾವ ಗಂಟೆಗೆ ವಾಪಸ್, ತಡವಾದರೆ ದಂಡ ಎಷ್ಟು, ಎಲ್ಲ ಕಾಗದದ ಮೇಲೆ ಇರಲೇಬೇಕು. ನನ್ನ ಅಭಿಪ್ರಾಯದಲ್ಲಿ ಆ ಕಾಗದವನ್ನು ಜನರೂ ಓದುವ ಹಾಗಿರಬೇಕು.

ಪೆನಿನ್ಸುಲಾ_ಪಯಣ

ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಈ ಕಡೆಯದೂ ಸ್ವಲ್ಪ ಹೇಳ್ತೇನೆ.

ಈಗಿನ ಕ್ಯಾಲ್‌ಟ್ರೇನ್ ಓಡುವ ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೊಸೆ ದಾರಿ ಮೊದಲು ಸದರ್ನ್ ಪೆಸಿಫಿಕ್‌ನದ್ದು. ಅವರ ಹತ್ತಿರ ಟ್ರೇನ್ ಮಾಸ್ಟರ್ ಅನ್ನೋ 2,400 ಎಚ್.ಪಿ.ಯ 16 ಎಂಜಿನ್ ಇದ್ದವು. ವಾರದ ದಿನ ಆಫೀಸ್ ಗಾಡಿ, ವಾರಾಂತ್ಯದಲ್ಲಿ ಗೂಡ್ಸ್. ಅದು ಎರವಲಲ್ಲ ಬಿಡಿ, ಅವರದ್ದೇ ಮನೆ. ಆದರೆ ಅಭ್ಯಾಸ ಅದೇ.

ನನಗೆ ಜಾಸ್ತಿ ಮನಸ್ಸಿಗೆ ತಟ್ಟಿದ್ದು ಇದರ ತಿರುವುಮುರುವು. 2015ರ ಫೆಬ್ರವರಿ 24ರಂದು ದಕ್ಷಿಣ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಹತ್ತಿರ ಮೆಟ್ರೋಲಿಂಕ್ ಲೋಕಲ್ ಗಾಡಿ ಹಳಿ ಮೇಲಿದ್ದ ಟ್ರಕ್ಕಿಗೆ ಗುದ್ದಿತು. ಎಂಜಿನ್ ಹಿಂದೆ ಇತ್ತು, ಮುಂದೆ ಇದ್ದದ್ದು ಡ್ರೈವರ್ ಕ್ಯಾಬ್ ಇರುವ ಕೋಚ್. ಡ್ರೈವರ್ ತೀರಿಕೊಂಡರು. ಆಮೇಲೆ ಆ ಕ್ಯಾಬ್ ಕೋಚ್‌ಗಳ ಮುಂಭಾಗದ ಬಗ್ಗೆ ಸಂಶಯ ಬಂತು. ಅದಕ್ಕೆ ಮೆಟ್ರೋಲಿಂಕ್‌ನವರು ಬಿಎನ್‌ಎಸ್‌ಎಫ್ ಅನ್ನೋ ಗೂಡ್ಸ್ ಕಂಪನಿಯಿಂದ 40 ದೊಡ್ಡ ಎಂಜಿನ್ ಬಾಡಿಗೆಗೆ ತಂದು ಗಾಡಿಯ ಮುಂದೆ ಕಟ್ಟಿದರು. ಗಾಡಿಯ ಒಂದು ತುದಿಯಲ್ಲಿ ಅವರದ್ದೇ ಎಂಜಿನ್, ಇನ್ನೊಂದು ತುದಿಯಲ್ಲಿ ಕಿತ್ತಳೆ ಬಣ್ಣದ ಗೂಡ್ಸ್ ಎಂಜಿನ್. ಗೂಡ್ಸ್ ಎಂಜಿನ್‌ಗೆ ಕೋಚ್‌ನ ದೀಪಕ್ಕೆ ಕರೆಂಟ್ ಕೊಡಲು ಬರಲ್ಲ, ಹಾಗಾಗಿ ಆ ಕೆಲಸ ಮೆಟ್ರೋಲಿಂಕ್ ಎಂಜಿನ್‌ದೇ. ಗೂಡ್ಸ್ ಎಂಜಿನ್ ಅಲ್ಲಿ ಇದ್ದದ್ದು ಎದೆಯೊಡ್ಡಿ ಮುಂದೆ ನಿಲ್ಲೋದಕ್ಕೆ.

ಲಾಸ್ ಏಂಜಲೀಸ್‌ನಲ್ಲಿ ನನ್ನ ಅಕ್ಕ ಆ ಗಾಡಿಯಲ್ಲೇ ಓಡಾಡುತ್ತಿದ್ದಳು. ಮುಂದೆ ಅಷ್ಟು ದೊಡ್ಡ ಎಂಜಿನ್ ಇದೆ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿ ಸಮಾಧಾನ ಮಾಡಿದ್ದು ನನಗೆ ನೆನಪಿದೆ.

ಎಚ್‌ಪಿ_ಗಂಟೆ_ಲೆಕ್ಕ

ಮೇಡಂ, ಒಳ್ಳೆಯ ಉದಾಹರಣೆ. ಅದರಲ್ಲಿ ಇನ್ನೊಂದು ಕಷ್ಟ ಇತ್ತು. ಆ ಎಂಜಿನ್‌ಗಳು ಮುಂದೆ ನಿಲ್ಲಬೇಕಾದರೆ ಮೆಟ್ರೋಲಿಂಕ್‌ನ ಸುರಕ್ಷತಾ ವ್ಯವಸ್ಥೆಯ ಜೊತೆ ಮಾತಾಡಲೇಬೇಕು. ಪಾಸಿಟಿವ್ ಟ್ರೇನ್ ಕಂಟ್ರೋಲ್ ಅಂತಾರೆ. ಡ್ರೈವರ್ ಕೆಂಪು ಸಿಗ್ನಲ್ ದಾಟಲು ಹೋದರೆ ತಾನೇ ಬ್ರೇಕ್ ಹಾಕುತ್ತದೆ. 2008ರ ಸೆಪ್ಟೆಂಬರ್ 12ರಂದು ಚಾಟ್ಸ್‌ವರ್ತ್‌ನಲ್ಲಿ ಮೆಟ್ರೋಲಿಂಕ್ ಗಾಡಿ ಎದುರಿನಿಂದ ಬಂದ ಗೂಡ್ಸ್‌ಗೆ ಡಿಕ್ಕಿ ಹೊಡೆದು 25 ಜನ ಸತ್ತರು. ಆ ಮೇಲೆ ಬಂದ ಕಾನೂನು ಇದನ್ನು ಕಡ್ಡಾಯ ಮಾಡಿತು.

ಎರವಲು ಎಂಜಿನ್ ಸಾಮಾನ್ಯವಾಗಿ ಎರಡನೆಯದಾಗೋ ಮೂರನೆಯದಾಗೋ ಕಾಣೋದಕ್ಕೆ ಇದೂ ಒಂದು ಕಾರಣ. ಆ ದಾರಿಗೆ ಬೇಕಾದ ಉಪಕರಣ ಮುಂದಿನ ಎಂಜಿನ್‌ನಲ್ಲಿ ಇದ್ದರೆ ಸಾಕು. ಬೌಂಡ್ ಬ್ರೂಕ್ ಅವರೇ, ನೀವು ನೋಡಿದ ಹಳದಿ ಎಂಜಿನ್ ಎರಡನೆಯದಾಗಿತ್ತು, ಗಮನಿಸಿದಿರಾ?

ಇನ್ನೊಂದು. ಎಂಜಿನ್ ಕೊರತೆ ಅಂದ ಕೂಡಲೇ ಎರವಲು ತಂದರೆ ಆಯ್ತು ಅಂತ ಅನ್ನಿಸುತ್ತದೆ. ಯಾವಾಗಲೂ ಹಾಗಲ್ಲ. 1996ರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿ ಸದರ್ನ್ ಪೆಸಿಫಿಕ್‌ನ್ನು ಕೊಂಡಿತು. ಮರುವರ್ಷ ಹ್ಯೂಸ್ಟನ್ ಸುತ್ತ ಗಾಡಿಗಳು ಒಂದರ ಹಿಂದೆ ಒಂದು ಸಿಕ್ಕಿಹಾಕಿಕೊಂಡವು. ಯಾರ್ಡ್ ತುಂಬಿದ್ದರಿಂದ ಗಾಡಿ ದಾರಿಯಲ್ಲೇ ನಿಂತಿತು. ನಿಂತ ಗಾಡಿಯ ಮುಂದೆ ಎಂಜಿನ್ನೂ ನಿಂತಿತು. ಅಂದರೆ ಎಂಜಿನ್ ಇದೆ, ಆದರೆ ಬಿಡಿಸಿಕೊಳ್ಳಲು ಆಗಲ್ಲ. ಆ ಹೊತ್ತಿನಲ್ಲಿ ಇನ್ನಷ್ಟು ಎಂಜಿನ್ ತಂದರೆ ಜಾಮ್ ಆದ ರಸ್ತೆಗೆ ಇನ್ನಷ್ಟು ಬಸ್ ಬಿಟ್ಟ ಹಾಗೆ. ಅಕ್ಟೋಬರ್ 31ಕ್ಕೆ ಸರ್ಕಾರದ ಸಾರಿಗೆ ಮಂಡಳಿಯೇ ತುರ್ತು ಆದೇಶ ಹೊರಡಿಸಬೇಕಾಯಿತು.

ಟೊರಾಂಟೊ_ಗೋ

ವಾರಾಂತ್ಯ ಮಾತ್ರ ಅಲ್ಲ, ಋತುವಿನ ಲೆಕ್ಕದಲ್ಲೂ ಎರವಲು ನಡೆದಿದೆ. ಮಿನ್ನೆಸೋಟಾದಲ್ಲಿ ಮಿಸಾಬೆ ಅನ್ನೋ ರೈಲು ಇತ್ತು. ಅದಿರು ಗಣಿಯಿಂದ ಸುಪೀರಿಯರ್ ಸರೋವರದ ಬಂದರಿಗೆ ಸಾಗಿಸೋದೇ ಅದರ ಕೆಲಸ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ಹಡಗಿಲ್ಲ, ಅದಿರಿಲ್ಲ, ಎಂಜಿನ್‌ಗೆ ಕೆಲಸ ಇಲ್ಲ. ಅವರ ಹತ್ತಿರ ಯೆಲ್ಲೋಸ್ಟೋನ್ ಅನ್ನೋ 18 ಭಾರೀ ಉಗಿ ಎಂಜಿನ್ ಇದ್ದವು. ಎರಡನೇ ಮಹಾಯುದ್ಧದ ಚಳಿಗಾಲಗಳಲ್ಲಿ ಅವುಗಳಲ್ಲಿ ಕೆಲವನ್ನು ಕೊಲರಾಡೊದ ಡೆನ್ವರ್ ರಿಯೊ ಗ್ರಾಂಡೆ ಕಂಪನಿಗೆ ಬಾಡಿಗೆಗೆ ಕಳಿಸಿದರು. ಸಮತಟ್ಟಾದ ಸರೋವರದ ದಡದಿಂದ ರಾಕಿ ಬೆಟ್ಟಕ್ಕೆ! ಮಳೆಗಾಲದ ಉಳುಮೆ ಮುಗಿದ ಮೇಲೆ ಜೋಡೆತ್ತು ಗಾಣಕ್ಕೆ ಕಳಿಸಿದ ಹಾಗೆ.

1956ರಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕೂಡ ಸಾಂಟಾ ಫೆಯಿಂದ 12 ದೊಡ್ಡ ಉಗಿ ಎಂಜಿನ್ ಬಾಡಿಗೆಗೆ ತಂದು ಒಹಾಯೊದಲ್ಲಿ ಓಡಿಸಿತು. ಉಗಿ ಕಾಲ ಮುಗಿಯುತ್ತಾ ಬಂದಿದ್ದ ಹೊತ್ತು ಅದು.

ಬೌಂಡ್‌ಬ್ರೂಕ್_ಹಳಿ

ಅಪ್ಪನದ್ದು ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಎಂಜಿನ್ ಮೈ ಮೇಲೆ ಹೋಮ್ ಶೆಡ್ ಹೆಸರು ಬರೆದಿರುತ್ತದೆ. ತಪಾಸಣೆಯ ಶೆಡ್ಯೂಲ್ ಬಂದಾಗ ಎಲ್ಲಿದ್ದರೂ ಆ ಶೆಡ್‌ಗೆ ಹೋಗಬೇಕು. ಓವರ್‌ಡ್ಯೂ ಆದರೆ ಕಂಟ್ರೋಲ್‌ನಿಂದ ಫೋನ್ ಮೇಲೆ ಫೋನ್. ಇಲ್ಲಿ ಪರರ ಎಂಜಿನ್‌ನ ಆರೈಕೆ ಯಾರು ಮಾಡ್ತಾರೆ?

ಎಚ್‌ಪಿ_ಗಂಟೆ_ಲೆಕ್ಕ

ಗಾರ್ಡ್ ಸಾಹೇಬರ ಪ್ರಶ್ನೆ ಅಂದರೆ ಇದು! ಇಲ್ಲಿ ಕಾನೂನು ಪ್ರಕಾರ ಓಡುತ್ತಿರುವ ಎಂಜಿನ್‌ನ್ನು ಪ್ರತಿ ದಿನ ಒಂದು ಸಲ ಪರೀಕ್ಷೆ ಮಾಡಬೇಕು. ಅದನ್ನು ಯಾರ ಕೈಯಲ್ಲಿ ಎಂಜಿನ್ ಇದೆಯೋ ಅವರೇ ಮಾಡ್ತಾರೆ. ದೊಡ್ಡ ತಪಾಸಣೆ 92 ದಿನಕ್ಕೊಮ್ಮೆ. ಹೊಸ ಕಂಪ್ಯೂಟರ್ ನಿಯಂತ್ರಣದ ಎಂಜಿನ್‌ಗಳಿಗೆ 184 ದಿನ. ಕ್ಯಾಬ್ ಒಳಗೆ ಪಾರದರ್ಶಕ ಹೊದಿಕೆಯ ಹಿಂದೆ ಒಂದು ನೀಲಿ ಕಾರ್ಡ್ ಇರುತ್ತದೆ. ಕೊನೆಯ ತಪಾಸಣೆ ಯಾವತ್ತು, ಎಲ್ಲಿ, ಯಾರ ಸಹಿ, ಎಲ್ಲ ಅದರಲ್ಲಿ. ಬೇರೆ ಕಂಪನಿಯ ಎಂಜಿನ್ ಬಂದ ಕೂಡಲೇ ಮೆಕ್ಯಾನಿಕ್ ಮೊದಲು ನೋಡೋದು ಆ ಕಾರ್ಡು. ದಿನ ಹತ್ತಿರ ಬಂದಿದ್ದರೆ ಮಾಲೀಕರ ಕಡೆಗೆ ಮುಖ ಮಾಡಿಸಿ ಕಳಿಸಬೇಕು, ಇಲ್ಲವೇ ಒಪ್ಪಂದದ ಪ್ರಕಾರ ತಾವೇ ಮಾಡಿ ಬಿಲ್ ಕಳಿಸಬೇಕು.

ಬ್ರೇಕ್ ಶೂ, ಚಕ್ರ ಜಾರದಂತೆ ಹಳಿಗೆ ಹಾಕುವ ಮರಳು, ಎಣ್ಣೆಯಂಥ ಸಣ್ಣಪುಟ್ಟದ್ದು ಯಾರ ಖರ್ಚು ಅನ್ನೋದು ಆಯಾ ಒಪ್ಪಂದದಲ್ಲಿ ಬರೆದಿರುತ್ತದೆ.

ತೆರಿಗೆದಾರ_ಎಡಿಸನ್

ನೀಲಿ ಕಾರ್ಡಿನ ವಿಷಯ ಗೊತ್ತಿರಲಿಲ್ಲ. ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಇಲ್ಲ. ಜನರ ಎಂಜಿನ್ ಹೊರಗೆ ಹೋದರೆ ಸೋಮವಾರ ಬೆಳಿಗ್ಗೆ ಐದಕ್ಕೆ ಬಂದಿರಬೇಕು. ಅದರಲ್ಲಿ ರಾಜಿ ಇಲ್ಲ.

ಹುಬ್ಬಳ್ಳಿ_ಶೆಡ್

ಐದಕ್ಕೆ ಬಂದರೆ ಸಾಲದು. ಭಾನುವಾರ ರಾತ್ರಿ ಹತ್ತಕ್ಕೆ ಬರಬೇಕು. ಮೋಟಾರು ಆರಬೇಕು, ಬ್ರೇಕ್ ನೋಡಬೇಕು, ಮರಳು ತುಂಬಬೇಕು. ಅಷ್ಟು ಹೊತ್ತು ಕೊಡದೆ ಗಾಡಿಗೆ ಕಟ್ಟಿದರೆ ದಾರಿಯಲ್ಲಿ ಕೈ ಕೊಡುತ್ತದೆ.

ಬೌಂಡ್‌ಬ್ರೂಕ್_ಹಳಿ

ಎಲ್ಲರಿಗೂ ಧನ್ಯವಾದ. ಇವತ್ತು ಮತ್ತೆ ಬೌಂಡ್ ಬ್ರೂಕ್‌ಗೆ ಹೋಗಿದ್ದೆವು. ಅಪ್ಪ ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಂಡು ಎಂಜಿನ್ ನಂಬರ್ ಬರೆದುಕೊಂಡರು. ನಾಲ್ಕು ಗೂಡ್ಸ್, ಒಂಬತ್ತು ಎಂಜಿನ್. ಅದರಲ್ಲಿ ಎರಡು ಪರರ ಮನೆಯವು, ಎರಡೂ ಹಿಂದೆ ಇದ್ದವು.

ಬರುವ ಶನಿವಾರ ಹೊಬೊಕನ್‌ಗೆ ಹೋಗ್ತೇವೆ. ಆ 32 ಎಂಜಿನ್ ನಿಲ್ಲುತ್ತಿದ್ದ ಜಾಗ ಅಪ್ಪನಿಗೆ ನೋಡಬೇಕಂತೆ. ಹೊಬೊಕನ್_ಹಳೇಕಾಲ ಅವರೇ, ನೀವು ಬಿಡುವಾಗಿದ್ದರೆ ಬನ್ನಿ. ಮನೆಯಿಂದ ಚಪಾತಿ, ಶೇಂಗಾ ಚಟ್ನಿ ತರ್ತೇವೆ.

ಹೊಬೊಕನ್_ಹಳೇಕಾಲ

ಖಂಡಿತ ಬರ್ತೇನೆ ಸರ್. ಹತ್ತು ಗಂಟೆಗೆ, ದೋಣಿ ಹತ್ತುವ ಕಡೆಯ ಬಾಗಿಲ ಹತ್ತಿರ ಇರ್ತೇನೆ. ಹಳೆಯ ಫೋಟೋಗಳನ್ನೂ ತರ್ತೇನೆ.